ಖಲಂದರನ ಶೂಟಿಂಗ್ ತಯಾರಿ
ಕೊಪ್ಪಳದ ಕಾಲೇಜಿನಲ್ಲಿ ಓದುವ ನಮ್ಮ ಖಲಂದರ ಯಾವಾಗ ನೋಡಿದರೂ ಪರೀಕ್ಷೆಗೆ ತಡವಾದವನಂತೆಯೇ ಕಾಣುತ್ತಾನೆ. ತೊಂಬತ್ತರ ದಶಕದ ಬ್ರಿಟಿಷ್ ಪಾಪ್ ಹಾಡುಗಳ ಧಾಟಿಯಲ್ಲಿ ಗೆಳೆಯರ ಹಾಡೊಂದಕ್ಕೆ ವಿಡಿಯೋ ಮಾಡಲು ಹೊರಟಾಗಿನಿಂದ ಅವನ ಉಗುರು ಬೆಳೆದದ್ದನ್ನು ಯಾರೂ ಕಂಡಿಲ್ಲ. ಊರ ಪಕ್ಕದ ಭಾಗ್ಯನಗರದ ಓಣಿ ಲಂಡನ್ನಿನ ಬೀದಿಯಾಗಬೇಕು, ಉರಿಬಿಸಿಲಿನಲ್ಲಿ ಎಲ್ಲರೂ ಉದ್ದನೆಯ ಕೋಟು ತೊಟ್ಟು ನಡೆಯಬೇಕು. “ಆಕಳ ಅಡ್ಡ ಬಂದ್ರ ಏನ್ ಮಾಡೂದ್ರಿ? ಕೋಟಿನಾಗ ಯಾರರ ತಲಿ ತಿರುಗಿ ಬಿದ್ರ?” ಎಂದು ಚಹಾದಂಗಡಿಯಲ್ಲಿ ಕೂತವರನ್ನೆಲ್ಲ ಕೇಳುತ್ತಾನೆ, ಉತ್ತರ ಬರುವ ಮೊದಲೇ ಎದ್ದು, ಓಣಿಯ ನೆರಳು ಎಲ್ಲಿಗೆ ಬಂತೆಂದು ನೋಡಲು ಓಡುತ್ತಾನೆ. ಹಾಡುವವನು ಅವನ ಗೆಳೆಯ ಉಮಾಪತಿ. ಅವನ ಗಂಟಲಿನಲ್ಲಿ ಗಂಟಾಗಿದೆ. ಮುಂದಿನ ವಾರ ಆಪರೇಷನ್. ಆಮೇಲೆ ದನಿ ಹೀಗೇ ಉಳಿಯುತ್ತದೆಂದು ಡಾಕ್ಟರಿಗೂ ಖಾತ್ರಿಯಿಲ್ಲ. ನಿನ್ನೆ ಹಾಡಿನ ರೆಕಾರ್ಡಿಂಗ್ ಮುಗಿದು ಎಲ್ಲರೂ ಹೊರಟರೂ ಖಲಂದರ ಮೈಕು ಬಂದ್ ಮಾಡಲಿಲ್ಲ. “ಇನ್ನೇನ್ ಹಾಡ್ಲಿ?” ಎಂದ ಉಮಾಪತಿ. “ಹಾಡಬ್ಯಾಡ. ದಿನಾ ಹೆಂಗ ಮಾತಾಡ್ತಿ, ಹಂಗ ಮಾತಾಡು. ನನ್ನ ಹೆಸರು ಹಿಡಿದು ಒಮ್ಮಿ ಕರಿ.” ಉಮಾಪತಿ ಮೈಕಿನತ್ತ ಬಾಗಿ, “ಖಲಂದರಾ, ಅಂಜಬ್ಯಾಡಲೇ” ಎಂದ.