ರಾಜರತ್ನ ಬರೆದ ಬೋರ್ಡು

ಶಹಾಬಾದದಲ್ಲಿ ಬೋರ್ಡು ಬರೆಯುವ ರಾಜರತ್ನನಿಗೆ ಅಂದು ಸಿಕ್ಕಿದ್ದು ಸಣ್ಣ ಕೆಲಸ. ಕಲ್ಲು ತೆಗೆದು ಬಿಟ್ಟುಹೋದ ಗಣಿಯೊಂದರಲ್ಲಿ ನೀರು ನಿಂತಿತ್ತು. ಅಲ್ಲೊಂದು ಬೋರ್ಡು ನಿಲ್ಲಿಸಬೇಕಿತ್ತು. ಗಣಿ ನೋಡಿಕೊಳ್ಳುವ ಮುಕಾದಮ ಚೀಟಿ ಕೊಟ್ಟ: ‘ಅತಿಕ್ರಮ ಪ್ರವೇಶ ನಿಷೇಧಿಸಲಾಗಿದೆ.’

“ನೀರು ಭಾಳ ಆಳ ಅದ ಅಂತ ಬರೀಲೇನ್ರಿ ಸಾಹೇಬ್ರ?”

“ಕೊಟ್ಟದ್ದಷ್ಟೇ ಬರಿ.”

ಬರೆದ. ಅಕ್ಷರ ದುಂಡಗೆ ಬಂದವೆಂದು ಖುಷಿಯೂ ಪಟ್ಟ.

ಎರಡು ತಿಂಗಳಾದ ಮೇಲೆ ಅವನ ಓಣಿಯ ದಾನಮ್ಮನ ಮಗಳು ಸುಶ್ಮಿತಾ ಆ ನೀರಿನಲ್ಲಿ ಮುಳುಗಿ ಸತ್ತಳು. ಐದನೇ ಇಯತ್ತೆ ಓದುತ್ತಿದ್ದ ಹುಡುಗಿ. ತಾಯಿಯ ಜೊತೆ ಬಟ್ಟೆ ಒಗೆಯಲು ಹೋದವಳು, ತೇಲಿಹೋದ ಕುಪ್ಪಸ ಹಿಡಿಯಲು ಕಾಲಿಟ್ಟಿದ್ದಳು.

ಮಣ್ಣು ಕೊಟ್ಟು ಬಂದ ಸಂಜೆ ರಾಜರತ್ನ ದಾನಮ್ಮನ ಎದುರು ಕೂತ. ಅವಳೇ ಹೇಳಿದಳು:

“ಅಕಿ ಬೋರ್ಡು ಓದಿದ್ಳು ಅಣ್ಣಾ, ಜೋರಾಗಿ. ಹಂಗಂದ್ರ ಏನವಾ ಅಂದೆ. ಗೊತ್ತಿಲ್ಲಬೇ ಅಂದು ನಕ್ಕಳು.”

ಆ ನಗು ಅವನನ್ನು ಉಣ್ಣಲೂ ಬಿಡಲಿಲ್ಲ. ಮರುದಿನ ಬೆಳಿಗ್ಗೆಯೇ ಡಬ್ಬಿ, ಬ್ರಶ್ಶು ಹಿಡಿದು ಹೋಗಿ ತನ್ನದೇ ಅಕ್ಷರಗಳ ಮೇಲೆ ಬಣ್ಣ ಬಳಿದ. ಕೆಂಪಿನಲ್ಲಿ ಬರೆದ: ‘ಇಲ್ಲಿ ಮಗು ಸತ್ತದ. ನೀರಿಗೆ ಇಳೀಬ್ಯಾಡ್ರಿ.’ ಓದಲು ಬಾರದವರಿಗೆಂದು ನೀರಿನಿಂದ ಮೇಲೆದ್ದ ಒಂದು ಕೈ ಬಿಡಿಸಿದ. ಮುಕಾದಮ ಬಂದು ಬೈದ. ಮೂರನೇ ದಿನ ಬೋರ್ಡೇ ಇರಲಿಲ್ಲ. ರಾಜರತ್ನ ಬಂಡೆಗಳ ಮೇಲೆಯೇ ಬರೆಯತೊಡಗಿದ. ವಾಡಿ, ಚಿತ್ತಾಪುರದ ಕಡೆ ನೀರು ನಿಂತ ಗಣಿ ಕಂಡಲ್ಲೆಲ್ಲ ಸೈಕಲ್ ಇಳಿದ. ಅಂಗಡಿಯವರು ಒಪ್ಪಿಸಿದ ಬೋರ್ಡುಗಳು ಮನೆಯಲ್ಲಿ ಅರ್ಧಕ್ಕೆ ನಿಂತವು. “ಎಷ್ಟು ಕಲ್ಲಿಗಂತ ಬರೀತಿ?” ಎಂದು ಹೆಂಡತಿ ಸುಮಂಗಲಾ ಅತ್ತಳು. ಅವನು ಬಣ್ಣದ ಡಬ್ಬಿಯನ್ನು ಸೈಕಲ್ಲಿಗೆ ಕಟ್ಟಿದ.

ಬೇಸಿಗೆಯಲ್ಲಿ ಒಂದು ಗಣಿಯ ಬಳಿ, ಅವನು ಕೈ ಬಿಡಿಸಿದ್ದ ಬಂಡೆಯ ಪಕ್ಕದಲ್ಲೇ ನಾಲ್ಕು ಹೆಂಗಸರು ಕೊಡ ಹಿಡಿದು ಇಳಿಯುತ್ತಿದ್ದರು.

“ಅಲ್ಲೇನು ಬರದದ ನೋಡ್ರಿ!” ಎಂದು ಕಿರುಚಿದ.

“ನೋಡೀವಿ ಯಣ್ಣಾ,” ಎಂದಳೊಬ್ಬಳು. “ನಳಕ್ಕ ನೀರು ಬಂದು ಹದಿನೈದು ದಿನ ಆತು. ಎಲ್ಲಿಗೆ ಹೋಗಬೇಕು, ಅದನ್ನೂ ಬರದು ಹೋಗು.”

ರಾಜರತ್ನ ಬ್ರಶ್ಶು ಕೆಳಗಿಟ್ಟ. ಅವರನ್ನು ಮೇಲೆ ಹತ್ತಿಸಿ, ಕೊಡಗಳನ್ನು ಇಸಿದುಕೊಂಡು, ಅಂಚಿನ ಕಲ್ಲಿಗೆ ಕಾಲು ಒತ್ತಿ ತಾನೇ ತುಂಬಿಕೊಟ್ಟ. ಅವನಿಗೂ ಈಜು ಬರುತ್ತಿರಲಿಲ್ಲ.