ಒಂದು ಅಂಗಿಯ ಒಂಬತ್ತು ದಿನ

ಹೊಳೆನರಸೀಪುರದಲ್ಲಿ ನಾನು ಶಾಲಾ ಸಮವಸ್ತ್ರ ಹೊಲಿಸುವ ಒಂದು ಸಣ್ಣ ಘಟಕ ನಡೆಸುತ್ತೇನೆ. ಬಿತ್ತನೆ ಬೀಜದ ಗೋದಾಮಾಗಿದ್ದ ಕಟ್ಟಡದ ಮಹಡಿ, ಹನ್ನೊಂದು ಮಿಷನ್ನು, ಸುತ್ತಲಿನ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವ ಹೆಂಗಸರು. ಬಟ್ಟೆ ಕತ್ತರಿಸಲು ಅರಕಲಗೂಡಿನಿಂದ ಹಿರಿಯರೊಬ್ಬರು ಬರುತ್ತಾರೆ. ಅವರನ್ನು ನಾವೆಲ್ಲ ಮಾಸ್ಟ್ರು ಎನ್ನುತ್ತೇವೆ.

ಶಾಲೆ ಶುರುವಾಗುವ ಮುಂಚಿನ ಎರಡು ತಿಂಗಳು ನಮಗೆ ಉಸಿರಾಡಲೂ ಬಿಡುವಿರುತ್ತಿರಲಿಲ್ಲ. ಯಾರೂ ಕೂತು ಹರಟುವವರಲ್ಲ, ಮಿಷನ್ನುಗಳು ನಿಲ್ಲುತ್ತಿರಲಿಲ್ಲ, ಆದರೂ ಹೇಳಿದ ದಿನಕ್ಕೆ ಅಂಗಿ ಮುಗಿಯುತ್ತಿರಲಿಲ್ಲ. ಒಂದು ವರ್ಷವಂತೂ ಚನ್ನರಾಯಪಟ್ಟಣದ ಶಾಲೆಯೊಂದರ ಅಂಗಿಗಳೆಲ್ಲ ಹೊಲಿದಾದ ಮೇಲೆ, ಇಸ್ತ್ರಿ ಮಾಡುವಾಕೆ ಒಂದನ್ನು ಮೇಜಿನ ಮೇಲೆ ಹರಡಿ, ಕಾಲರಿನ ಒಂದು ಮೂಲೆ ಇನ್ನೊಂದಕ್ಕಿಂತ ಉದ್ದ ಇದೆ ಎಂದಳು. ತೆಗೆದು ನೋಡಿದರೆ ಎಲ್ಲವೂ ಹಾಗೇ. ಹೊಲಿದದ್ದನ್ನು ಬಿಚ್ಚಲು ಎರಡು ವಾರ ಹಿಡಿಯಿತು. ಶಾಲೆಯವರ ಮುಂದೆ ನಿಂತು ನಾನು ಆಡಿದ ಮಾತುಗಳನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ಆಮೇಲೆ ನಾನು ಮಾಡಿದ್ದಿಷ್ಟೇ: ಕತ್ತರಿಸಿ ಕಟ್ಟಿದ ಬಟ್ಟೆಯ ಎಲ್ಲ ಗಂಟುಗಳಿಗೂ ನನ್ನ ಸಹಿ ಬೇಕು ಎಂದು ಇನ್ನೊಂದು ನಿಯಮ ಸೇರಿಸಿದೆ.

ಅದರ ಮರುವರ್ಷ ಗುಂಡಿ ಹಚ್ಚುವ ಕೆಲಸಕ್ಕೆ ಒಬ್ಬಾಕೆ ಬಂದಳು. ಹಾಸನದ ಗಾರ್ಮೆಂಟ್ಸಿನಲ್ಲಿ ಬಹಳ ವರ್ಷ ದುಡಿದವಳು, ಅತ್ತೆಗೆ ಕಾಯಿಲೆಯಾಗಿ ಊರಿಗೆ ಮರಳಿದ್ದಳು. ಮಾತು ಕಡಿಮೆ. ಬಂದ ಮೂರನೇ ವಾರ, ಊಟದ ಹೊತ್ತಿನಲ್ಲಿ ನನ್ನ ಪಕ್ಕ ಬಂದು ಕೂತಳು.

"ಅಕ್ಕ, ಒಂದು ಅಂಗಿ ಒಲಿಯಾಕೆ ನಮ್ಗೆ ಎಷ್ಟು ದಿನ ಬೇಕು?"

"ದಿನ ಯಾಕೆ? ಒಂದು ಅಂಗಿಗೆ ಒಂದು ಗಂಟೆ ಸಾಕಲ್ಲ."

"ಅಂಗಲ್ಲ ಕಣಕ್ಕ. ಒಂದು ಅಂಗಿ ಇಡ್ಕಂಡು ಅದ್ರ ಇಂದೇ ಓಗಿ ನೋಡಾನ. ನಿಮ್ಗೇ ಗೊತ್ತಾಯ್ತದೆ."

ಮರುದಿನ ಬೆಳಿಗ್ಗೆ ಮಾಸ್ಟ್ರು ಕತ್ತರಿಸಿದ ರಾಶಿಯಿಂದ ಒಂದು ಅಂಗಿಯ ತುಂಡುಗಳನ್ನು ಆರಿಸಿ ಅವುಗಳಿಗೆ ಕೆಂಪು ದಾರ ಪೋಣಿಸಿದಳು. ಅವಳ ಕೈಯಲ್ಲಿ ಅರ್ಧ ಬರೆದ ಹಳೆಯ ನೋಟ್‌ಬುಕ್ಕು, ಪಕ್ಕದಲ್ಲಿ ಮೊಬೈಲು. ಯಾರಾದರೂ ಆ ಅಂಗಿಗೆ ಕೈ ಹಚ್ಚಿದಾಗ ಮಾತ್ರ ಗಡಿಯಾರ ನೋಡಿ ಬರೆಯುತ್ತಿದ್ದಳು.

ಮೊದಲ ದಿನವೇ ಅಂಗಿ ನಿಂತುಬಿಟ್ಟಿತು. ಮಾಸ್ಟ್ರು ಗಂಟು ಕಟ್ಟಿ, ಯಾರ ಕೈಗೆ ಎಷ್ಟು ತುಂಡು ಎಂದು ಚೀಟಿ ಬರೆದು, ನನ್ನ ಸಹಿಗೆಂದು ಇಟ್ಟಿದ್ದರು. ನಾನು ದಾರ ತರಲು ಹಾಸನಕ್ಕೆ ಹೋಗಿದ್ದೆ. ಮಾರನೆಯ ದಿನ ಸಹಿಯಾಯಿತು, ಆದರೆ ಅದರ ಮೇಲೆ ಬೇರೆ ಗಂಟುಗಳು ಬಿದ್ದಿದ್ದವು. ಕಾಲರು ಹೊಲಿಯುವಾಕೆ ರಾಶಿಯ ಕಾಲರುಗಳನ್ನೆಲ್ಲ ಮುಗಿಸುವ ತನಕ ತೋಳು ಕಾಯಿತು. ತೋಳು ಮುಗಿಯುವ ತನಕ ಪಕ್ಕದ ಹೊಲಿಗೆ ಕಾಯಿತು. ಗುಂಡಿಮನೆ ಕತ್ತರಿಸುವ ಕಾಜಾ ಮಿಷನ್ನು ಕೆಳಗಿನ ಕೋಣೆಯಲ್ಲಿತ್ತು, ಏಕೆಂದರೆ ಅದಕ್ಕೆ ಬೇಕಾದ ಪ್ಲಗ್ಗು ಇದ್ದದ್ದು ಅಲ್ಲಿ ಮಾತ್ರ. ಅಂಗಿ ಮೆಟ್ಟಿಲಿಳಿದು ಹೋಗಿ, ಮತ್ತೆ ಮೆಟ್ಟಿಲು ಹತ್ತಿ ಬಂತು. ಕೈ ಬದಲಾದಾಗೆಲ್ಲ ಗಂಟು ಬಿಚ್ಚಿ ಎಣಿಸುವುದು, ಮತ್ತೆ ಕಟ್ಟುವುದು.

ಒಂಬತ್ತನೆಯ ದಿನ ಆ ಅಂಗಿ ಇಸ್ತ್ರಿಯಾಗಿ ಡಬ್ಬ ಸೇರಿತು. ಅವಳು ನೋಟ್‌ಬುಕ್ಕನ್ನು ನನ್ನ ಕೈಗೆ ಕೊಟ್ಟಳು. ಕೆಲಸ ನಡೆದ ಹೊತ್ತನ್ನೆಲ್ಲ ಕೂಡಿಸಿದರೆ ನಲವತ್ತೆರಡು ನಿಮಿಷ.

ನಾನು ಎರಡು ಸಲ ಕೂಡಿಸಿದೆ. ಅಷ್ಟೇ ಬಂತು. ಎಲ್ಲರೂ ಬೆವರು ಸುರಿಸುತ್ತಿದ್ದೆವು, ಆದರೆ ಅಂಗಿ ಮಾತ್ರ ಒಂಬತ್ತು ದಿನ ಸುಮ್ಮನೆ ಮಲಗಿತ್ತು. ಮೊದಲು ನಾಚಿಕೆಯಾಯಿತು. ಆಮೇಲೆ ಎಂಥದೋ ಬೆರಗು ಕವಿಯಿತು. ದಿನವೂ ಕಣ್ಣ ಮುಂದೆಯೇ ಇದ್ದದ್ದನ್ನು ನಾನು ನೋಡಿಯೇ ಇರಲಿಲ್ಲ. ಗುಂಡಿ ಹಚ್ಚಲು ಬಂದವಳು ಮೂರೇ ವಾರದಲ್ಲಿ ನೋಡಿದ್ದಳು.

"ಈಗೇನು ಮಾಡೋಣ?" ಎಂದೆ.

"ಒಬ್ರು ಮುಗ್ಸಿದ್ ತಕ್ಷಣ ಪಕ್ಕದೋರ್ ಕೈಗೆ ಕೊಟ್ಬುಡಾದು, ಅಷ್ಟೇಯ. ಇಬ್ರ ಮಧ್ಯೆ ಮೂರಕ್ಕಿಂತ ಜಾಸ್ತಿ ಅಂಗಿ ಸೇರ್ಬಾರ್ದು. ಸೇರುದ್ರೆ ಇಂದಿನೋರು ಕೈ ನಿಲ್ಸಿ ಮುಂದಿನೋರ್ಗೆ ಸಾಯ ಮಾಡ್ಬೇಕು."

ಭಾನುವಾರ ಎಲ್ಲರೂ ಬಂದು ಮಿಷನ್ನುಗಳನ್ನು ಲಾಳದ ಆಕಾರಕ್ಕೆ ಜೋಡಿಸಿದೆವು. ಕಾಜಾ ಮಿಷನ್ನು ಮೇಲಕ್ಕೆ ಬಂತು, ಅದಕ್ಕೊಂದು ಪ್ಲಗ್ಗು ಹಾಕಿಸಿದೆ. ನನ್ನ ಸಹಿ ಬೇಡ ಎಂದೆ. ಚೀಟಿಯೂ ಬೇಡ ಎಂದಾಗ ಮಾಸ್ಟ್ರು ಕತ್ತರಿ ಕೆಳಗಿಟ್ಟರು.

"ಚೀಟಿ ಬ್ಯಾಡ ಅಂದ್ಮೇಲೆ ನಾನೂ ಬ್ಯಾಡ ಅಂತಾಯ್ತು ಬುಡಮ್ಮ," ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು.

ಸೋಮವಾರ ಅವರು ಬರಲಿಲ್ಲ. ಮಂಗಳವಾರ ಅರಕಲಗೂಡಿನ ಬಸ್ಸು ಹತ್ತಿ ಅವರ ಮನೆಗೆ ಹೋದೆ. ಅಂಗಳದಲ್ಲಿ ಮಣ್ಣು ಬಿಡಿಸಿದ ಶುಂಠಿ ಹರಡಿತ್ತು. ಅವರ ಹೆಂಡತಿ ಮಜ್ಜಿಗೆ ತಂದುಕೊಟ್ಟು ಒಳಗೆ ಹೋದರು. ಮಾಸ್ಟ್ರು ಬಾಗಿ ಗಡ್ಡೆಗಳನ್ನು ಹೊರಳಿಸಿ ಹಾಕಿದರು. ಆಮೇಲೆ ಶುಂಠಿಯ ಕಡೆ ನೋಡುತ್ತಲೇ ಹೇಳಿದರು.

"ನಾನು ವಯಸ್ನಲ್ಲಿ ಒಂದು ಅಂಗಡೀಲಿ ಒಲೀತಿದ್ದೆ. ಅಲ್ಲಿ ಒಂದ್ಸಲ ಒಂದು ಗಂಟು ಬಟ್ಟೆ ಕಾಣೆ ಆಯ್ತು. ಒಲಿಗೆ ಕಲಿಯಾಕೆ ಬತ್ತಿದ್ದ ಒಂದು ಎಣ್ಮಗ ಕದ್ದದೆ ಅಂದ್ಬುಟ್ರು. ಅದು ಅಳ್ತಾ ಓಯ್ತು, ತಿರುಗಿ ಬರ್ನೇ ಇಲ್ಲ. ತಿಂಗ್ಳಾದ್ಮೇಲೆ ಗಂಟು ಬೀರು ಇಂದೆ ಸಿಕ್ತು. ಅವತ್ತಿಂದ ನಾನು ಚೀಟಿ ಇಲ್ದೆ ಒಂದು ತುಂಡ್ನೂ ಕೈ ಬುಟ್ಟಿಲ್ಲ ಕಣಮ್ಮ."

ಬೇಡವೆಂದು ನಾನು ಸಲೀಸಾಗಿ ಕಿತ್ತುಹಾಕಿದ ಆ ಚೀಟಿಯ ಹಿಂದೆ ಒಬ್ಬ ಹುಡುಗಿಯ ಕಣ್ಣೀರಿತ್ತು. ವರ್ಷಗಟ್ಟಲೆ ಅವರು ನಮ್ಮ ಹೆಂಗಸರನ್ನೆಲ್ಲ ಕಾಯ್ದುಕೊಂಡು ಬಂದಿದ್ದರು, ಅದನ್ನು ಯಾರಿಗೂ ಹೇಳಿರಲಿಲ್ಲ.

"ಮಾಸ್ಟ್ರೇ, ಈಗ ಗಂಟೇ ಇರಲ್ಲ. ಅಂಗಿ ಎಲ್ಲರ ಕಣ್ಣೆದುರಿಗೇ ಕೈಯಿಂದ ಕೈಗೆ ಹೋಗುತ್ತೆ. ಒಂದು ದಿನ ಬಂದು ನೋಡಿ. ಯಾರ ಮೇಲಾದರೂ ತಪ್ಪು ಬರೋ ಹಾಗಿದೆ ಅನ್ನಿಸಿದರೆ ನಾಳೆಯೇ ಚೀಟಿ ವಾಪಸ್ ತರೋಣ."

ಬುಧವಾರ ಬೆಳಿಗ್ಗೆ ಅವರು ಮೊದಲ ಬಸ್ಸಿಗೇ ಬಂದಿದ್ದರು.

ಅವತ್ತೇ ಹೊಸ ರೀತಿಯಲ್ಲಿ ಶುರು ಮಾಡಿದೆವು. ಮೊದಲ ಅಂಗಿಯ ಕಾಲರು ಮುಗಿದ ಕೂಡಲೇ ಪಕ್ಕದವಳ ಕೈಗೆ, ಅಲ್ಲಿಂದ ತೋಳಿಗೆ, ಅಲ್ಲಿಂದ ಪಕ್ಕದ ಹೊಲಿಗೆಗೆ. ಬೆಳಗಿನ ಟೀ ಬರುವ ಮೊದಲೇ ಒಂದು ಅಂಗಿ, ಗುಂಡಿ ಸಮೇತ, ಇಸ್ತ್ರಿ ಮೇಜಿನ ಮೇಲೆ ಬಿತ್ತು. ಒಂದೊಂದಾಗಿ ಎಲ್ಲ ಮಿಷನ್ನುಗಳೂ ನಿಂತವು. ವರ್ಷಗಳಿಂದ ಬರೀ ತೋಳು ಹೊಲಿದವಳೊಬ್ಬಳು ಎದ್ದು ಬಂದು ಆ ಅಂಗಿಯನ್ನು ಮುಟ್ಟಿ, "ಇದು ಈಗ ನನ್ ಕೈಲಿದ್ದಿದ್ದೇ ಅಲ್ವೇನಕ್ಕ?" ಎಂದು ಕೇಳಿದಳು. ಮಗು ಮೊದಲ ಹೆಜ್ಜೆ ಇಟ್ಟಾಗ ಮನೆಯವರೆಲ್ಲ ಸುತ್ತ ನಿಂತು ನೋಡುವಂತೆ ನಿಂತಿದ್ದೆವು.

ಮಾಸ್ಟ್ರು ಅಂಗಿಯನ್ನು ಎತ್ತಿಕೊಂಡು, ಒಳಗು ಹೊರಗು ಮಾಡಿ, ಕಾಲರಿನ ಎರಡು ಮೂಲೆಗಳನ್ನು ಜೋಡಿಸಿ ಹಿಡಿದರು.

"ಒಂದು ಉದ್ದ ಅದೆ," ಎಂದರು.

ಕಾಲರಿನಾಕೆ ತಾನು ಕಾಲರಿನ ಆಕಾರ ಗುರುತು ಹಾಕಿಕೊಳ್ಳುವ ರಟ್ಟನ್ನು ತಂದಳು. ಅದರ ಒಂದು ಅಂಚು ಸವೆದುಹೋಗಿತ್ತು. ಆಗಲೇ ಅಲ್ಲೇ ಕೂತು ಮಾಸ್ಟ್ರು ಹೊಸ ರಟ್ಟು ಕತ್ತರಿಸಿದರು. ಬಿಚ್ಚಬೇಕಾದ ಅಂಗಿಗಳು ಎಷ್ಟೆಂದು ನೋಡಿದರೆ ನಾಲ್ಕೇ ನಾಲ್ಕು. ಹಿಂದೊಮ್ಮೆ ಎರಡು ವಾರ ಹಿಡಿದಿದ್ದ ಸಂಕಟ ಅರ್ಧ ಗಂಟೆಯಲ್ಲಿ ಮುಗಿದುಹೋಗಿತ್ತು. ಮಾಸ್ಟ್ರು ಗುಂಡಿ ಹಚ್ಚುವವಳ ಮುಂದೆ ಹೋಗಿ ನಿಂತರು.

"ಇದೆಲ್ಲ ಎಲ್ಲಿ ಕಲ್ತ್ಯವ್ವ?"

"ಕಲ್ತಿದ್ದೇನಿಲ್ಲ ಮಾಸ್ಟ್ರೇ. ಫ್ಯಾಕ್ಟ್ರೀಲಿ ಕೂತ್ಕಂಡು ನೋಡ್ತಿದ್ದೆ. ಅಲ್ಲಿ ನನ್ನ ಯಾರೂ ಕೇಳ್ಳಿಲ್ಲ."

ಅದರ ನಂತರದ ಬದಲಾವಣೆ ಮಾಸ್ಟ್ರದ್ದೇ. ವಾರಕ್ಕಾಗುವಷ್ಟು ಬಟ್ಟೆಯನ್ನು ಒಟ್ಟಿಗೆ ಕತ್ತರಿಸಿ ಗುಡ್ಡೆ ಹಾಕುವುದನ್ನು ಅವರೇ ನಿಲ್ಲಿಸಿದರು. ಆಯಾ ದಿನ ಹೊಲಿಯುವಷ್ಟನ್ನೇ ಬೆಳಿಗ್ಗೆ ಕತ್ತರಿಸಿ, ಉಳಿದ ಹೊತ್ತೆಲ್ಲ ಲಾಳದ ನಡುವೆ ಓಡಾಡುತ್ತ, ತಡವಾದವರ ಕೈಗೆ ಆಸರೆಯಾದರು. ಚನ್ನರಾಯಪಟ್ಟಣದ ಅಂಗಿಗಳು ಹೇಳಿದ ದಿನಕ್ಕಿಂತ ನಾಲ್ಕು ದಿನ ಮೊದಲೇ ಹೋದವು. ನಾನೇ ಕೊಂಡೊಯ್ದೆ. ಶಾಲೆಯವರು ಡಬ್ಬ ಬಿಚ್ಚಿ, ಮೊದಲು ಕಾಲರು ನೋಡಿದರು, ಆಮೇಲೆ ನನ್ನ ಮುಖ ನೋಡಿ ನಕ್ಕರು.

ಆ ವಾರದ ಕೊನೆಗೆ ಗಂಟು ಪೇರಿಸುತ್ತಿದ್ದ ಕಬ್ಬಿಣದ ರ‍್ಯಾಕುಗಳು ಪೂರ್ತಿ ಖಾಲಿಯಾದವು. ಬೀಜದ ವ್ಯಾಪಾರಿಯ ಕಾಲದಿಂದಲೂ ಅವು ಹಿಂಬದಿಯ ಗೋಡೆಗೆ ಒತ್ತಿಕೊಂಡೇ ಇದ್ದವು. ಎಲ್ಲರೂ ಸೇರಿ ಎಳೆದು ಪಕ್ಕಕ್ಕೆ ಸರಿಸಿದಾಗ ಹಿಂದೆ ಒಂದು ದೊಡ್ಡ ಕಿಟಕಿ ಕಂಡಿತು. ಅಲ್ಲಿ ಕಿಟಕಿ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ತುಕ್ಕು ಹಿಡಿದ ಚಿಲಕವನ್ನು ಮಾಸ್ಟ್ರು ಎಣ್ಣೆ ಬಿಟ್ಟು ಬಡಿದು ಬಿಡಿಸಿದರು. ಕಿಟಕಿಯ ಬಾಗಿಲು ತೆರೆದ ಕೂಡಲೇ ಹೊಳೆಯ ಕಡೆಯ ಗಾಳಿ ಒಳಗೆ ನುಗ್ಗಿತು, ಮಿಷನ್ನುಗಳ ಮೇಲಿದ್ದ ದಾರದ ಎಳೆಗಳೆಲ್ಲ ಹಾರಿದವು. ಹೆಂಗಸರು ಊಟದ ಡಬ್ಬಿ ಹಿಡಿದು ಬಂದು ಅಲ್ಲೇ ಸುತ್ತ ಕೂತರು. ನಾನೂ ಅವರ ನಡುವೆ ಜಾಗ ಮಾಡಿಕೊಂಡು ಕೂತೆ.