ಎರೆಮಣ್ಣಿನಲ್ಲಿ ದ್ವೀಪದ ಬಳ್ಳಿ

ನನ್ನ ಹೆಂಡತಿ ತಂಗಿಯ ಬಾಣಂತನಕ್ಕೆಂದು ಅಂಡಮಾನಿಗೆ ಹೋಗಿದ್ದಳು. ನಮ್ಮೂರು ಭೂಸನೂರಿಗೆ ಮರಳುವಾಗ ತನಗೆಂದು ಪೌಡರ್ ಡಬ್ಬಿಯಲ್ಲಿ ನಾಲ್ಕಾರು ಕರಿ ಬೀಜ ತಂದುಕೊಂಡಳು. ಬೇಲಿಯ ಮೇಲೆ ಅರಳುವ ಮಾರ್ನಿಂಗ್ ಗ್ಲೋರಿಯ ಜಾತಿಯೇ, ಆದರೆ ದ್ವೀಪದ್ದು, ಸಮುದ್ರದ ದಂಡೆಯಲ್ಲಿ ಹಬ್ಬುವಂಥದ್ದು. ಹೂ ಸಂಜೆ ಬಿಚ್ಚಿ ಮರುದಿನ ಬಿಸಿಲೇರುವವರೆಗೆ ಇರುತ್ತದಂತೆ.

"ನಮ್ಮ ಹೀರಿ ಹೂವಿನಂಗ, ಆದ್ರ ಬೆಳ್ಳಗ, ಅಂಗೈಯಷ್ಟು" ಅಂದಿದ್ದಳು.

ಒಂದೇ ಬೀಜ ಮೊಳೆಯಿತು. ಅದು ಗೋಡೆ ಹಿಡಿಯುವ ಮೊದಲೇ ಅವಳು ಜ್ವರ ಬಂದು ತೀರಿಕೊಂಡಳು.

ಹೊಲದಲ್ಲಿ ಅವಳನ್ನು ಮಣ್ಣು ಮಾಡಿ ಬಂದ ಮರುದಿನ ನಸುಕಿನಲ್ಲಿ ಎಚ್ಚರವಾಯಿತು. ಏನು ಮಾಡಬೇಕೆಂದು ತಿಳಿಯಲಿಲ್ಲ. ನಲ್ಲಿಗೆ ನೀರು ಬಂದಿತ್ತು. ಎರಡು ಕೊಡ ತುಂಬಿ ಬಳ್ಳಿಯ ಬುಡಕ್ಕೆ ಸುರಿದೆ. ಅಂದಿನಿಂದ ಅದೇ ನನ್ನ ಮುಂಜಾನೆಯಾಯಿತು. ಅವಳ ಕೈಯಿಂದ ನೆಲಕ್ಕೆ ಬಿದ್ದದ್ದರಲ್ಲಿ ಜೀವ ಹಿಡಿದದ್ದು ಅದೊಂದೇ. ಅದು ಸಾಯಬಾರದು, ಅಷ್ಟೇ.

ನಾನು ಸಕ್ಕರೆ ಕಾರ್ಖಾನೆಯಲ್ಲಿ ಫಿಟರ್. ಕಬ್ಬಿನ ರಸ ಸೋಸಿದ ಮೇಲೆ ಉಳಿಯುವ ಮಡ್ಡಿ ಒಳ್ಳೆಯ ಗೊಬ್ಬರ. ಅದನ್ನೂ ಚೀಲದಲ್ಲಿ ತಂದು ಹಾಕಿದೆ. ಮಳೆ ಬಂದ ದಿನವೂ ನೀರು ಹಾಕುವುದನ್ನು ಬಿಡಲಿಲ್ಲ.

ಪಕ್ಕದ ಮನೆಯ ಆಯಿಗೆ ಎಪ್ಪತ್ತು ದಾಟಿದೆ. ಕಟ್ಟೆಯ ಮೇಲೆ ಕೂತು ಎಲ್ಲ ನೋಡುತ್ತಿದ್ದಳು.

"ಲೇ ತಮ್ಮಾ, ಮಳ್ಯಾಗ ಕೊಡ ಹಿಡಕೊಂಡ್ ಎಲ್ಲಿ ಹೊಂಟಿ? ಭತ್ತ ಹಚ್ಚಿಯೇನೋ?"

ಬಳ್ಳಿ ಗೋಡೆ ತುಂಬ ಎಲೆಯಾಯಿತು. ಮೊಗ್ಗು ಒಂದೂ ಇಲ್ಲ. ಆಮೇಲೆ ಬುಡದ ಎಲೆಗಳು ಹಳದಿಯಾಗಿ ಉದುರತೊಡಗಿದವು. ನಾನು ಮೂರನೆಯ ಕೊಡ ಹಾಕಿದೆ. ಇನ್ನೂ ಉದುರಿದವು. ಹೆದರಿ ಅಂಡಮಾನಿನ ನಾದಿನಿಗೆ ಫೋನ್ ಮಾಡಿದೆ.

"ಮಾಮಾ, ನೀರ್ ಎಷ್ಟ್ ಹಾಕ್ತೀರಿ?"

ಹೇಳಿದೆ.

"ಅಯ್ಯ ಶಿವನ! ಇಲ್ಲಿ ಅದಕ್ಕ ಯಾರ್ ನೀರ್ ಹಾಕ್ತಾರ್ರಿ? ಉಸುಕಿನ್ಯಾಗ ಬೆಳಿಯೂದು ಅದು. ನಿಮ್ಮ ಎರಿಮಣ್ಣು ನೀರ್ ಹಿಡದು ಕುಂದ್ರತದ, ಬೇರು ಕೊಳ್ಯಾಕತ್ತಾವ."

"ಹಂಗಾರ ನಾ ಏನ್ ಮಾಡ್ಲಿ?"

"ಏನೂ ಮಾಡಬ್ಯಾಡ್ರಿ. ಸುಮ್ನ ಬಿಡ್ರಿ."

ಬುಡದ ಮಡ್ಡಿ ಬಗೆದು ತೆಗೆದು ಮರಳು, ಗರಸುಕಲ್ಲು ತುಂಬಿದೆ. ಅದು ಅರ್ಧ ದಿನದ ಕೆಲಸ. ಕಷ್ಟವಾದದ್ದು ಮರುದಿನ ಮುಂಜಾನೆ. ನೀರಿಲ್ಲದ ಸೀಮೆಯವರು ನಾವು. ಯಾರ ಮೇಲಾದರೂ ಜೀವವಿದ್ದರೆ ಮೊದಲು ಒಂದು ಚೆರಿಗೆ ನೀರು ಕೊಡುವವರು. ನಲ್ಲಿ ಬಂದ ಸಪ್ಪಳ ಕೇಳಿ ಕೈ ತಾನಾಗಿ ಕೊಡ ಹಿಡಿಯಿತು. ತುಂಬಿದ ಕೊಡದೊಂದಿಗೆ ಅಂಗಳದಲ್ಲಿ ನಿಂತೆ. ಬಳ್ಳಿಗೆ ಹಾಕುವಂತಿಲ್ಲ. ಒಳಗೆ ಒಯ್ದರೆ ಕುಡಿಯುವವರಿಲ್ಲ. ಅವತ್ತು ನಾನು ಅತ್ತುಬಿಟ್ಟೆ.

ಆಯಿ ನೋಡಿದಳು. ಸಮಾಧಾನವನ್ನೇನೂ ಹೇಳಲಿಲ್ಲ.

"ನಿಂತೇ ನಿಂತಿಯಲ್ಲೋ. ನನ್ನ ಸೊಂಟ ಹಿಡದೈತಿ. ತಂದು ನನ್ನ ಕುಡ್ಯೂ ನೀರಿನ ಹರವಿಗಿ ಹಾಕು. ಸೋಸಿ ಹಾಕು ಮತ್ತ, ನಿನ್ನ ಬಳ್ಳಿಗಿ ಹಾಕಿದಂಗ ಅಲ್ಲ!"

ಅವತ್ತಿನಿಂದ ನನ್ನ ಎರಡು ಕೊಡ ಅವಳ ಹರವಿಗೆ ಹೋದವು. ಆಯಿ ಚಹಾ ಕುಡಿಸದೆ ಕಳಿಸುತ್ತಿರಲಿಲ್ಲ. ಚಹಾ ಕುಡಿಯುವಾಗ ನನ್ನ ಹೆಂಡತಿಯ ಮಾತು ಬರುತ್ತಿತ್ತು. ಅವಳ ರೊಟ್ಟಿ, ಅವಳ ಸಿಟ್ಟು. ಆಯಿ ನಗಿಸುತ್ತಿದ್ದಳು. ನನಗೂ ನಗು ಬರುವುದೆಂದು ಆಗ ಗೊತ್ತಾಯಿತು.

ಬಳ್ಳಿ ಬಹಳ ಎಲೆ ಕಳೆದುಕೊಂಡಿತು. ಸತ್ತಿತೆಂದೇ ತಿಳಿದಿದ್ದೆ. ದೀಪಾವಳಿ ಮುಗಿದ ಮೇಲೆ ಡ್ಯೂಟಿ ಮುಗಿಸಿ ಬಂದಾಗ ಗೋಡೆಯ ತುದಿಯಲ್ಲಿ ಮಡಿಚಿದ ಕೊಡೆಯಂಥ ಮೊಗ್ಗು ಕಂಡಿತು. ಹೊತ್ತು ಮುಳುಗುತ್ತಿದ್ದಂತೆ ಅದು ಒಮ್ಮೆ ನಡುಗಿ ಬಿಚ್ಚಿಕೊಂಡಿತು. ಅವಳು ಹೇಳಿದಷ್ಟೇ ಇತ್ತು, ಅಂಗೈಯಷ್ಟು.

ಫೋನಿನಲ್ಲಿ ನಾದಿನಿಗೆ ತೋರಿಸಿದೆ. ಅವಳು ಮಗುವನ್ನು ಎತ್ತಿ ಪರದೆಯ ಹತ್ತಿರ ಹಿಡಿದಳು. ಆಯಿ ಗೋಡೆ ಹಿಡಿದು ನಡೆದು ಬಂದಳು.

"ಇದೊಂದಕ್ಕ ಎಷ್ಟ್ ನೀರ್ ಕುಡಿಸಿದೆಲೇ, ಮಳ್ಳ!"

ಮುಂಜಾನೆ ನೀರು ತುಂಬಲು ಎದ್ದಾಗ ಹೂ ಇನ್ನೂ ತೆರೆದೇ ಇತ್ತು. ಒಂದು ಗಳಿಗೆ ನಿಂತು ನೋಡಿ, ಕೊಡ ಎತ್ತಿಕೊಂಡು ಆಯಿಯ ಮನೆಗೆ ನಡೆದೆ.